ಆಟಕ್ಕುಂಟು, ಲೆಕ್ಕಕ್ಕಿಲ್ಲ: ಹೈಸ್ಕೂಲಿನಲ್ಲೇ ಗಳಿಸಿದ ಕಾಲೇಜು ಕ್ರೆಡಿಟ್‌ಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗನೋ ಮಗಳೋ ಹತ್ತನೇ ತರಗತಿಗೆ ಬಂದರೆ ಸಾಕು, ಹೊಸದೊಂದು ಲೆಕ್ಕಾಚಾರ ಶುರುವಾಗುತ್ತದೆ. ಎಷ್ಟು ಎಪಿ ಪರೀಕ್ಷೆ ಬರೆಸುವುದು, ಕಮ್ಯೂನಿಟಿ ಕಾಲೇಜಿನಲ್ಲಿ ಎಷ್ಟು ಕೋರ್ಸ್ ಮಾಡಿಸುವುದು, ಎಲ್ಲ ಸೇರಿ ಎಷ್ಟು ಕ್ರೆಡಿಟ್ ಆಗುತ್ತದೆ? ಕೊನೆಗೆ ಊರಿನಲ್ಲಿರುವ ಅಜ್ಜ-ಅಜ್ಜಿಗೆ ಫೋನ್ ಹೋಗುತ್ತದೆ: ‘ಮೊಮ್ಮಗಳು ಹೈಸ್ಕೂಲಿನಲ್ಲೇ ಕಾಲೇಜಿನ ಒಂದು ವರ್ಷ ಮುಗಿಸಿಬಿಟ್ಟಿದ್ದಾಳೆ!’ ಸುದ್ದಿ ಸುಳ್ಳೇನಲ್ಲ, ಆದರೆ ಅರ್ಧ ನಿಜ. ಉಳಿದರ್ಧವನ್ನು ತೀರ್ಮಾನಿಸುವುದು ಅವಳು ಮುಂದೆ ಸೇರುವ ಯೂನಿವರ್ಸಿಟಿ.

ಈ ವಿಷಯದಲ್ಲಿ ಬಹುಪಾಲು ಪೋಷಕರು ಕೇಳುವ ಪ್ರಶ್ನೆ ಒಂದೇ: ‘ಈ ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತಾ?’ ಉತ್ತರ ಸಾಮಾನ್ಯವಾಗಿ ‘ಆಗುತ್ತೆ’ ಎಂದೇ ಬರುತ್ತದೆ. ಎಡವುವುದು ಅಲ್ಲೇ. ಕ್ರೆಡಿಟ್ಟನ್ನು ಯೂನಿವರ್ಸಿಟಿ ಒಪ್ಪಿಕೊಳ್ಳುವುದು ಒಂದು, ಅದನ್ನು ಪದವಿಯ ಲೆಕ್ಕಕ್ಕೆ ಹಿಡಿಯುವುದು ಇನ್ನೊಂದು. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ಆ ಕ್ರೆಡಿಟ್ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಮೊದಲು ಕ್ರೆಡಿಟ್ ಎಂದರೇನು ಎಂದು ನೋಡೋಣ. ವಾರಕ್ಕೆ ಮೂರು ಗಂಟೆಯಂತೆ ಸುಮಾರು 15 ವಾರ ನಡೆಯುವ ಪಾಠಕ್ಕೆ ಅಲ್ಲಿ 3 ಸೆಮಿಸ್ಟರ್ ಕ್ರೆಡಿಟ್. ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು, ಎಂದರೆ ವರ್ಷಕ್ಕೆ 30. ಹೈಸ್ಕೂಲ್ ಮುಗಿಯುವಷ್ಟರಲ್ಲಿ 30 ಕ್ರೆಡಿಟ್ ಕೈಯಲ್ಲಿದ್ದರೆ ಕಾಲೇಜಿನ ಒಂದು ವರ್ಷದ ಫೀಸು, ಹಾಸ್ಟೆಲ್, ಊಟದ ಖರ್ಚು ಉಳಿಯಿತು ಎಂಬ ಲೆಕ್ಕ ಹುಟ್ಟುವುದು ಇದರಿಂದಲೇ.

ಈ ಕ್ರೆಡಿಟ್ ಗಳಿಸಲು ಎರಡು ಮುಖ್ಯ ದಾರಿಗಳಿವೆ. ಒಂದು ಎಪಿ, ಅಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಕಾಲೇಜ್ ಬೋರ್ಡ್ ಸಂಸ್ಥೆ 1955ರಿಂದ ಇದನ್ನು ನಡೆಸುತ್ತಿದೆ. ವಿದ್ಯಾರ್ಥಿ ತನ್ನ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಕೇಳಿ, ಮೇ ತಿಂಗಳಲ್ಲಿ ದೇಶಾದ್ಯಂತ ನಡೆಯುವ ಪರೀಕ್ಷೆ ಬರೆಯುತ್ತಾನೆ. ಜುಲೈನಲ್ಲಿ 1ರಿಂದ 5ರವರೆಗಿನ ಅಂಕ ಬರುತ್ತದೆ. ಇಲ್ಲಿ ಎಲ್ಲವೂ ಆ ಒಂದು ಪರೀಕ್ಷೆಯ ಮೇಲೆ ನಿಂತಿದೆ. ವರ್ಷವಿಡೀ ತರಗತಿಯಲ್ಲಿ ‘ಎ’ ಗ್ರೇಡ್ ತೆಗೆದವನಿಗೂ ಪರೀಕ್ಷೆಯಲ್ಲಿ 2 ಬಂದರೆ ಕಾಲೇಜು ಕ್ರೆಡಿಟ್ ಸಿಗುವುದಿಲ್ಲ.

ಇನ್ನೊಂದು ಡ್ಯುಯಲ್ ಎನ್ರೋಲ್‌ಮೆಂಟ್. ಇದರಲ್ಲಿ ಹೈಸ್ಕೂಲ್ ವಿದ್ಯಾರ್ಥಿ ಕಾಲೇಜಿನ ವಿದ್ಯಾರ್ಥಿಯೂ ಆಗಿರುತ್ತಾನೆ. ಹೆಚ್ಚಾಗಿ ಹತ್ತಿರದ ಕಮ್ಯೂನಿಟಿ ಕಾಲೇಜಿಗೆ (ಮುಖ್ಯವಾಗಿ ಎರಡು ವರ್ಷದ ಕೋರ್ಸುಗಳ ಸ್ಥಳೀಯ ಕಾಲೇಜು) ಹೆಸರು ನೋಂದಾಯಿಸಿ, ಅಲ್ಲಿಗೇ ಹೋಗಿಯೋ, ಆನ್‌ಲೈನಿನಲ್ಲೋ, ತನ್ನ ಹೈಸ್ಕೂಲಿನ ಕೊಠಡಿಯಲ್ಲೋ ಕಾಲೇಜಿನ ಕೋರ್ಸ್ ಮಾಡುತ್ತಾನೆ. ಮಿನಸೋಟ ರಾಜ್ಯ 1985ರಲ್ಲಿ ಇದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. ವಾಷಿಂಗ್ಟನ್ ರಾಜ್ಯದ ‘ರನ್ನಿಂಗ್ ಸ್ಟಾರ್ಟ್’ 1990ರ ಕಾನೂನಿನಿಂದ ಬಂದದ್ದು. ಓಹಾಯೋದಲ್ಲಿ ಇದರ ಹೆಸರು ‘ಕಾಲೇಜ್ ಕ್ರೆಡಿಟ್ ಪ್ಲಸ್’, ಟೆಕ್ಸಸ್‌ನಲ್ಲಿ ‘ಡ್ಯುಯಲ್ ಕ್ರೆಡಿಟ್’. ಹೆಸರು ಬೇರೆಯಾದರೂ ಹುರುಳು ಒಂದೇ: ಒಂದು ಕೋರ್ಸ್, ಹೈಸ್ಕೂಲಿನ ಡಿಪ್ಲೊಮಾಕ್ಕೂ ಆಯಿತು, ಕಾಲೇಜಿನ ದಾಖಲೆಗೂ ಆಯಿತು. 2022-23ರಲ್ಲಿ ಸುಮಾರು 25 ಲಕ್ಷ ಹೈಸ್ಕೂಲ್ ವಿದ್ಯಾರ್ಥಿಗಳು ಹೀಗೆ ಕನಿಷ್ಠ ಒಂದು ಕಾಲೇಜು ಕೋರ್ಸ್ ಮಾಡಿದ್ದರು.

ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದ್ದು. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ (ಕ್ರೆಡಿಟ್ಟನ್ನು ಅಲ್ಲಿ ಯೂನಿಟ್ ಎನ್ನುತ್ತಾರೆ) 46 ಡಾಲರ್ ಶುಲ್ಕ. ಹೈಸ್ಕೂಲಿನಿಂದ ಬರುವ ಅರೆಕಾಲಿಕ ವಿದ್ಯಾರ್ಥಿಗಳಿಗೆ ಅದನ್ನೂ ಸಾಮಾನ್ಯವಾಗಿ ಮನ್ನಾ ಮಾಡುತ್ತಾರೆ. ಫ್ಲಾರಿಡಾದಲ್ಲೂ ಸರ್ಕಾರಿ ಶಾಲೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. ಜಾರ್ಜಿಯಾ ರಾಜ್ಯ ಸಾಮಾನ್ಯವಾಗಿ 30 ಸೆಮಿಸ್ಟರ್ ಕ್ರೆಡಿಟ್‌ವರೆಗಿನ ಖರ್ಚನ್ನು ತಾನೇ ಹೊರುತ್ತದೆ. ಪುಕ್ಕಟೆ ಸಿಗುವಾಗ ಯಾಕೆ ಬಿಡಬೇಕು ಎಂದು ಅಪ್ಪ-ಅಮ್ಮಂದಿರಿಗೆ ಅನ್ನಿಸುವುದು ಸಹಜ.

ಗಳಿಸಿದ್ದನ್ನು ಇನ್ನೊಂದು ಕಡೆ ದಾಟಿಸುವಾಗ ಮೊದಲು ಎದುರಾಗುವುದು ರಾಜ್ಯದ ಗಡಿ. ಅಮೆರಿಕದಲ್ಲಿ ಉನ್ನತ ಶಿಕ್ಷಣ ಬಹುಮಟ್ಟಿಗೆ ರಾಜ್ಯಗಳ ವಿಷಯ. ಕ್ರೆಡಿಟ್ ವರ್ಗಾವಣೆಗೆ ದೇಶಕ್ಕೆಲ್ಲ ಅನ್ವಯಿಸುವ ನಿಯಮವೇ ಇಲ್ಲ. ಆಯಾ ರಾಜ್ಯದೊಳಗೆ, ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಯೂನಿವರ್ಸಿಟಿಗೆ ಹೋಗುವಾಗ ದಾರಿ ಸಾಕಷ್ಟು ಸಲೀಸು. ಫ್ಲಾರಿಡಾದಲ್ಲಿ ರಾಜ್ಯಕ್ಕೆಲ್ಲ ಒಂದೇ ಕೋರ್ಸ್ ಸಂಖ್ಯಾ ಪದ್ಧತಿ ಇದೆ. ಸಂಖ್ಯೆ ಹೊಂದಿದರೆ ಕ್ರೆಡಿಟ್ ಹೊಂದುತ್ತದೆ. ಟೆಕ್ಸಸ್‌ನಲ್ಲಿ 42 ಕ್ರೆಡಿಟ್‌ಗಳ ‘ಕೋರ್ ಕರಿಕ್ಯುಲಮ್’ ಇದೆ. ಅದನ್ನು ಪೂರ್ತಿ ಮುಗಿಸಿದರೆ ರಾಜ್ಯದ ಯಾವುದೇ ಸರ್ಕಾರಿ ಯೂನಿವರ್ಸಿಟಿ ಇಡಿಯಾಗಿ ಒಪ್ಪಬೇಕು. ಓಹಾಯೋದಲ್ಲಿ ‘ಟ್ರಾನ್ಸ್‌ಫರ್ 36’ ಎಂಬ ಇಂಥದೇ ಏರ್ಪಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ನಲ್ಲಿ ಯಾವುದಕ್ಕೆ ಸಮ ಎಂದು ‘ಅಸಿಸ್ಟ್’ ಎಂಬ ಜಾಲತಾಣ ಬಿಡಿಸಿ ಹೇಳುತ್ತದೆ. ಎಪಿಯಲ್ಲೂ ಹೀಗೇ: ಫ್ಲಾರಿಡಾ, ಟೆಕ್ಸಸ್, ಓಹಾಯೋ, ಇಲಿನಾಯ್ ರಾಜ್ಯಗಳ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 3 ಅಂಕಕ್ಕೇ ಕ್ರೆಡಿಟ್ ಕೊಡುವಂತೆ ಆಯಾ ರಾಜ್ಯದ ನಿಯಮಗಳಿವೆ.

ಗಡಿ ದಾಟಿದರೆ, ಅಥವಾ ಖಾಸಗಿ ಯೂನಿವರ್ಸಿಟಿಯ ಬಾಗಿಲು ತಟ್ಟಿದರೆ, ಈ ಭರವಸೆಗಳು ಅಲ್ಲಿಗೆ ಮುಗಿದವು. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದೇ ಇಲ್ಲ. ಮುಂದಿನ ಹಂತದ ಪಾಠಕ್ಕೆ ಸೇರಬೇಕೆಂದರೆ ಅದರದೇ ಪರೀಕ್ಷೆ ಬರೆಯಬೇಕು. ಡಾರ್ಟ್‌ಮತ್ 2014ರಲ್ಲಿ ಸೇರಿದವರಿಂದ ಹಿಡಿದು ಎಪಿ ಅಂಕಕ್ಕೆ ಪದವಿಯ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿತು. ಬ್ರೌನ್‌ನಲ್ಲಿ ಎಪಿಯಿಂದ ಮೇಲಿನ ಹಂತದ ಕೋರ್ಸಿಗೆ ಹೋಗಬಹುದು, ಪದವಿಗೆ ಬೇಕಾದ ಕೋರ್ಸುಗಳ ಸಂಖ್ಯೆ ಮಾತ್ರ ಕಡಿಮೆಯಾಗದು. ಡ್ಯುಯಲ್ ಎನ್ರೋಲ್‌ಮೆಂಟ್ ವಿಷಯದಲ್ಲಿ ಅನೇಕ ಖಾಸಗಿ ಸಂಸ್ಥೆಗಳು ಎರಡು ಪ್ರಶ್ನೆ ಕೇಳುತ್ತವೆ. ಪಾಠ ನಡೆದದ್ದು ಕಾಲೇಜಿನಲ್ಲೋ ಹೈಸ್ಕೂಲಿನಲ್ಲೋ? ಆ ಕೋರ್ಸನ್ನು ಹೈಸ್ಕೂಲ್ ಡಿಪ್ಲೊಮಾಕ್ಕೂ ಎಣಿಸಿದ್ದೀರಾ? ಎಣಿಸಿದ್ದರೆ ಒಂದೇ ಓದಿಗೆ ಎರಡು ಸಲ ಕ್ರೆಡಿಟ್ ಕೊಡಲಾಗದು ಎಂದು ಕೈಚೆಲ್ಲುತ್ತವೆ. ಡ್ಯುಯಲ್ ಎನ್ರೋಲ್‌ಮೆಂಟಿನ ಗುಣವೇ ಇಲ್ಲಿ ದೋಷವಾಗಿ ಕಾಣುತ್ತದೆ.

ಇದರಲ್ಲಿ ಗುಣಮಟ್ಟದ ಮಾತೂ ಇದೆ, ದುಡ್ಡಿನ ಮಾತೂ ಇದೆ. ಹದಿನಾರರ ಹುಡುಗ ಹೈಸ್ಕೂಲಿನ ಕೊಠಡಿಯಲ್ಲಿ ಕಲಿತದ್ದು ತನ್ನ ಪ್ರಾಧ್ಯಾಪಕರ ಪಾಠಕ್ಕೆ ಸಮವೇ ಎಂಬ ಅನುಮಾನ ಯೂನಿವರ್ಸಿಟಿಗೆ ಇರುವುದು ತಪ್ಪಲ್ಲ. ಹಾಗೆಯೇ, ಹೊರಗಿನಿಂದ ಬಂದ ಪ್ರತಿ ಕ್ರೆಡಿಟ್ಟೂ ತಾನು ವಸೂಲು ಮಾಡಲಾಗದ ಶುಲ್ಕ ಎಂಬುದೂ ಅದಕ್ಕೆ ಗೊತ್ತು.

ಇನ್ನು ಒಪ್ಪಿಕೊಂಡ ಕ್ರೆಡಿಟ್ಟಿನ ಗತಿ ನೋಡೋಣ. ಯೂನಿವರ್ಸಿಟಿ ಸೇರಿದ ವಿದ್ಯಾರ್ಥಿಗೆ ಒಂದು ಮೌಲ್ಯಮಾಪನ ಪಟ್ಟಿ ಸಿಗುತ್ತದೆ. ಅದರಲ್ಲಿ ಕೆಲವು ಕೋರ್ಸುಗಳ ಎದುರು ಯೂನಿವರ್ಸಿಟಿಯ ಕೋರ್ಸ್ ಸಂಖ್ಯೆ ಇರುತ್ತದೆ. ಅಂದರೆ ಆ ಕೋರ್ಸಿಗೆ ಇದು ನೇರ ಸಮ, ಅದನ್ನು ಮತ್ತೆ ಓದಬೇಕಿಲ್ಲ. ಇನ್ನು ಕೆಲವುಗಳ ಎದುರು ಸಂಖ್ಯೆಯ ಜಾಗದಲ್ಲಿ ‘ಎಕ್ಸ್‌ಎಕ್ಸ್‌ಎಕ್ಸ್’ ಎಂಬ ಗುರುತೋ, ‘ಜನರಲ್ ಎಲೆಕ್ಟಿವ್’ ಎಂಬ ಮಾತೋ ಇರುತ್ತದೆ. ಈ ಗುರುತಿನ ಅರ್ಥ: ನಿಮ್ಮ ಕೋರ್ಸನ್ನು ಒಪ್ಪಿದ್ದೇವೆ, ಆದರೆ ನಮ್ಮಲ್ಲಿ ಅದಕ್ಕೆ ಸಮನಾದದ್ದಿಲ್ಲ. ಒಟ್ಟು ಕ್ರೆಡಿಟ್‌ನಲ್ಲಿ ಅದು ಕಾಣಿಸುತ್ತದೆ. ಆದರೆ ಕಂಪ್ಯೂಟರ್ ಸೈನ್ಸ್ ಅಥವಾ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವವನಿಗೆ ಎಲೆಕ್ಟಿವ್‌ಗೆ ಇರುವ ಜಾಗವೇ ಒಂದೆರಡು ಕೋರ್ಸಿನಷ್ಟು. ಆ ಜಾಗ ತುಂಬಿದ ಮೇಲೆ ಉಳಿದವೆಲ್ಲ ಪಟ್ಟಿಯಲ್ಲಿ ಹೆಸರಿಗಷ್ಟೆ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಂಗೀತ ಪರಿಚಯ ಎಂದು ಸುಲಭದ ಕೋರ್ಸುಗಳನ್ನು ರಾಶಿ ಹಾಕಿಕೊಂಡು ಹೋದ ಎಂಜಿನಿಯರಿಂಗ್ ವಿದ್ಯಾರ್ಥಿಗೆ 40 ಕ್ರೆಡಿಟ್ ಇದ್ದೂ ಒಂದು ಸೆಮಿಸ್ಟರ್ ಉಳಿಯದಿರುವುದು ಹೀಗೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಡಿ ಆಂಜಾ ಎಂಬ ಕಮ್ಯೂನಿಟಿ ಕಾಲೇಜಿದೆ. ಆ ಸುತ್ತಿನ ಭಾರತೀಯರಿಗೆಲ್ಲ ಪರಿಚಿತ ಹೆಸರು. ಅಲ್ಲಿ ನಡೆಯುವುದು ಸೆಮಿಸ್ಟರ್ ಪದ್ಧತಿಯಲ್ಲ, ಕ್ವಾರ್ಟರ್ ಪದ್ಧತಿ. ಕ್ಯಾಲ್ಕುಲಸ್ಸನ್ನು 1ಎ, 1ಬಿ, 1ಸಿ, 1ಡಿ ಎಂದು ನಾಲ್ಕು ಕ್ವಾರ್ಟರ್‌ಗಳಿಗೆ ಹಂಚಿದ್ದಾರೆ, ತಲಾ 5 ಯೂನಿಟ್. ಒಬ್ಬ ಹುಡುಗಿ ಹೈಸ್ಕೂಲಿನಲ್ಲಿರುವಾಗಲೇ ಅಲ್ಲಿ 1ಎ ಮತ್ತು 1ಬಿ ಮುಗಿಸಿ ಎರಡರಲ್ಲೂ ‘ಎ’ ಪಡೆದಳು ಎಂದಿಟ್ಟುಕೊಳ್ಳಿ. ಅವಳ ಕೈಯಲ್ಲೀಗ 10 ಯೂನಿಟ್.

ಅವಳು ಬೇರೆ ರಾಜ್ಯದ, ಸೆಮಿಸ್ಟರ್ ಪದ್ಧತಿಯ ಯೂನಿವರ್ಸಿಟಿಗೆ ಹೋದಳು. ಒಂದು ಕ್ವಾರ್ಟರ್ ಯೂನಿಟ್ ಎಂದರೆ ಮೂರನೇ ಎರಡು ಸೆಮಿಸ್ಟರ್ ಕ್ರೆಡಿಟ್. ಹಾಗಾಗಿ 10 ಯೂನಿಟ್ 6.67 ಆಯಿತು. ಆ ಯೂನಿವರ್ಸಿಟಿಯಲ್ಲಿ ‘ಕ್ಯಾಲ್ಕುಲಸ್ ಒಂದು’ ಮತ್ತು ‘ಎರಡು’ ತಲಾ 4 ಕ್ರೆಡಿಟ್, ಒಟ್ಟು 8. ಅಂಕಿಯೇ ಹೊಂದಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಪಠ್ಯಕ್ರಮದ್ದು. ಸೆಮಿಸ್ಟರ್ ಪದ್ಧತಿಯ ‘ಕ್ಯಾಲ್ಕುಲಸ್ ಎರಡು’ ಸಾಮಾನ್ಯವಾಗಿ ಅನಂತ ಶ್ರೇಣಿಗಳ ಪಾಠವನ್ನು ಒಳಗೊಂಡಿರುತ್ತದೆ. ಡಿ ಆಂಜಾದಲ್ಲಿ ಆ ಪಾಠ ಬರುವುದು 1ಸಿಯಲ್ಲಿ. ಅವಳು ಅದನ್ನು ಓದಿಲ್ಲ. ಹೀಗಾಗಿ ‘ಕ್ಯಾಲ್ಕುಲಸ್ ಒಂದು’ ಸಿಕ್ಕಿತು, ‘ಎರಡು’ ಸಿಗಲಿಲ್ಲ, ಉಳಿದ ಚೂರುಪಾರು ಎಲೆಕ್ಟಿವ್ ಖಾತೆಗೆ ಹೋಯಿತು. ಅವಳು 1ಸಿಯನ್ನೂ ಮುಗಿಸಿ ಬಂದಿದ್ದರೆ ಎರಡೂ ಕೋರ್ಸು ದಕ್ಕುವ ಸಾಧ್ಯತೆ ಬಹಳ ಹೆಚ್ಚಿತ್ತು. ಸರಣಿಯಾಗಿ ಬರುವ ಕೋರ್ಸುಗಳನ್ನು, ಅವು ಗಣಿತವಿರಲಿ, ಭೌತಶಾಸ್ತ್ರವಿರಲಿ, ರಸಾಯನಶಾಸ್ತ್ರವಿರಲಿ, ಶುರು ಮಾಡಿದ ಕಡೆಯೇ ಮುಗಿಸಬೇಕು ಎಂದು ಅನುಭವಸ್ಥ ಕೌನ್ಸೆಲರ್‌ಗಳು ಒತ್ತಿ ಹೇಳುವುದು ಇದಕ್ಕೇ.

ಅದೇ ಹುಡುಗಿ ಎಪಿ ಕ್ಯಾಲ್ಕುಲಸ್ ಬಿಸಿ ಪರೀಕ್ಷೆಯಲ್ಲೂ 5 ತೆಗೆದಿದ್ದಾಳೆ ಎನ್ನೋಣ. ಆಗ ಎರಡು ಪಟ್ಟು ಕ್ರೆಡಿಟ್ ಸಿಗುತ್ತದೆಯೇ? ಇಲ್ಲ. ಒಂದೇ ವಿಷಯಕ್ಕೆ ಒಂದೇ ಸಲ. ಆದರೆ ಬಿಸಿ ಪಠ್ಯಕ್ರಮದಲ್ಲಿ ಶ್ರೇಣಿಗಳೂ ಇರುವುದರಿಂದ ಅನೇಕ ಯೂನಿವರ್ಸಿಟಿಗಳು ಅದೊಂದಕ್ಕೇ ಎರಡೂ ಕೋರ್ಸ್ ಕೊಡುತ್ತವೆ. ಹೊರ ರಾಜ್ಯದ ಯೂನಿವರ್ಸಿಟಿಗಳ ಮೇಲೆ ಕಣ್ಣಿಟ್ಟವರಿಗೆ ಎಪಿ ಹೆಚ್ಚು ಅನುಕೂಲ ಎಂಬ ಮಾತಿನಲ್ಲಿ ಹುರುಳಿದೆ: ಎಲ್ಲರೂ ಬರೆಯುವುದು ಒಂದೇ ಮಟ್ಟದ ಪರೀಕ್ಷೆ, ಆ ಮಟ್ಟವನ್ನು ಯೂನಿವರ್ಸಿಟಿಗಳು ಬಲ್ಲವು. ಯಾವ ಅಂಕಕ್ಕೆ ಯಾವ ಕೋರ್ಸ್ ಎಂಬ ಕೋಷ್ಟಕವನ್ನೂ ಬಹುತೇಕ ಯೂನಿವರ್ಸಿಟಿಗಳು ಮೊದಲೇ ಪ್ರಕಟಿಸಿರುತ್ತವೆ. ಸ್ವಂತ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೇ ಹೋಗುವುದೆಂದು ನಿರ್ಧರಿಸಿದವರಿಗೆ ಡ್ಯುಯಲ್ ಎನ್ರೋಲ್‌ಮೆಂಟ್ ಮೇಲು. ಒಂದು ದಿನದ ಪರೀಕ್ಷೆಯ ಬದಲು ಇಡೀ ಅವಧಿಯ ಓದಿಗೆ ಅಲ್ಲಿ ಬೆಲೆ ಇದೆ.

ಆ ಬೆಲೆಗೆ ಇನ್ನೊಂದು ಮುಖವೂ ಇದೆ. ಎಪಿಯಲ್ಲಿ ಕಡಿಮೆ ಅಂಕ ಬಂದರೆ ಯೂನಿವರ್ಸಿಟಿಗೆ ಕಳಿಸದೆ ಸುಮ್ಮನಿರಬಹುದು. ಕಮ್ಯೂನಿಟಿ ಕಾಲೇಜಿನಲ್ಲಿ ಬಂದ ‘ಡಿ’ ಗ್ರೇಡ್ ಹಾಗಲ್ಲ. ಅದು ಕಾಲೇಜಿನ ದಾಖಲೆ, ಅಳಿಸಲು ಬರುವುದಿಲ್ಲ. ನಡುವೆ ಕೈಬಿಟ್ಟ ಕೋರ್ಸಿನ ‘ಡಬ್ಲ್ಯೂ’ ಕೂಡ ಉಳಿಯುತ್ತದೆ. ‘ಸಿ’ಗಿಂತ ಕಡಿಮೆ ಗ್ರೇಡಿನ ಕ್ರೆಡಿಟ್ಟನ್ನು ಸಾಮಾನ್ಯವಾಗಿ ಯಾರೂ ಒಪ್ಪುವುದಿಲ್ಲ. ಕ್ರೆಡಿಟ್ ದಾಟದಿದ್ದರೂ ಗ್ರೇಡು ಮಾತ್ರ ಬೆನ್ನು ಬಿಡುವುದಿಲ್ಲ. ಮುಂದೆ ವೈದ್ಯಕೀಯ ಓದುವ ಆಸೆಯಿದ್ದರೆ ಇದು ಇನ್ನೂ ಮುಖ್ಯ. ಮೆಡಿಕಲ್ ಕಾಲೇಜುಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಆಮ್‌ಕಾಸ್, ಹೈಸ್ಕೂಲಿನಲ್ಲಿದ್ದಾಗ ಮಾಡಿದ ಕಾಲೇಜು ಕೋರ್ಸುಗಳ ಅಂಕಪಟ್ಟಿಯನ್ನೂ ತರಿಸಿಕೊಂಡು ಸರಾಸರಿಗೆ ಸೇರಿಸುತ್ತದೆ. ಹದಿನೈದನೇ ವಯಸ್ಸಿನ ಬೇಸಿಗೆ ರಜೆಯಲ್ಲಿ ಹಗುರವಾಗಿ ತೆಗೆದುಕೊಂಡ ಕೋರ್ಸ್ ಇಪ್ಪತ್ತೊಂದನೇ ವಯಸ್ಸಿನಲ್ಲಿ ಎದುರು ಬಂದು ನಿಲ್ಲುತ್ತದೆ.

ನಮ್ಮ ಅಪ್ಪ-ಅಮ್ಮಂದಿರಿಗೆ ಅಚ್ಚರಿಯಾಗುವ ಇನ್ನೊಂದು ಸಂಗತಿ ಇದೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಗಾಗಿ 1974ರಲ್ಲಿ ಬಂದ ‘ಫರ್ಪಾ’ ಕಾಯ್ದೆಯ ಪ್ರಕಾರ, ಕಾಲೇಜು ಮಟ್ಟದ ಸಂಸ್ಥೆಗೆ ಸೇರಿದ ಕೂಡಲೇ ಅಲ್ಲಿನ ದಾಖಲೆಗಳ ಹಕ್ಕು ವಿದ್ಯಾರ್ಥಿಗೆ ಹೋಗುತ್ತದೆ. ವಯಸ್ಸು ಹದಿನೈದಾದರೂ ಸರಿ. ‘ಸಾರ್, ನಮ್ಮ ಮಗನ ಗ್ರೇಡ್ ಎಷ್ಟು?’ ಎಂದು ತಂದೆ ಕಾಲೇಜಿಗೆ ಫೋನ್ ಮಾಡಿದರೆ, ಹುಡುಗನ ಒಪ್ಪಿಗೆ ಪತ್ರ ಕೇಳುವ ಸಾಧ್ಯತೆಯೇ ಹೆಚ್ಚು. ಇಮೇಲ್ ಬರೆಯುವುದು, ಕೋರ್ಸ್ ಬಿಡುವ ಕೊನೆಯ ದಿನ ನೆನಪಿಡುವುದು, ಟ್ರಾನ್ಸ್‌ಕ್ರಿಪ್ಟ್ ಕಳಿಸುವುದು, ಎಲ್ಲ ಮಗುವಿನದೇ ಜವಾಬ್ದಾರಿ. ಇದನ್ನು ಮಾಡಲು ಮಗು ಸಿದ್ಧವಿದೆಯೇ ಎಂಬುದು ಗಣಿತದಲ್ಲಿ ಜಾಣ ಹೌದೇ ಅಲ್ಲವೇ ಎಂಬುದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ.

ಕನ್ನಡದ ಕ್ರೆಡಿಟ್ ವಿಷಯದಲ್ಲೂ ಒಂದು ಗೊಂದಲವಿದೆ. ಅಮೆರಿಕದ ಹಲವು ಊರುಗಳಲ್ಲಿ ವಾರಾಂತ್ಯದ ಕನ್ನಡ ಶಾಲೆಗಳು ನಡೆಯುತ್ತಿವೆ. ಕೆಲವು ಶಾಲಾ ಜಿಲ್ಲೆಗಳು ಅಲ್ಲಿನ ಕಲಿಕೆಗೆ ಹೈಸ್ಕೂಲ್ ಭಾಷಾ ಕ್ರೆಡಿಟ್ ಕೊಡುತ್ತವೆ. ಸಂತೋಷದ ವಿಷಯವೇ. ಆದರೆ ಅದು ಹೈಸ್ಕೂಲ್ ಕ್ರೆಡಿಟ್. ಡಿಪ್ಲೊಮಾಕ್ಕೆ ಬೇಕಾದ ಭಾಷೆಯ ಅಗತ್ಯವನ್ನು ಅದು ಪೂರೈಸಬಹುದು, ಪದವಿಯ 120ರಲ್ಲಿ ಒಂದನ್ನೂ ಕಳೆಯುವುದಿಲ್ಲ. ಎರಡು ಭಾಷೆ ಬಲ್ಲವರಿಗೆ ಕ್ಯಾಲಿಫೋರ್ನಿಯಾ ಮೊದಲಾಗಿ ಶುರು ಮಾಡಿದ ‘ಸೀಲ್ ಆಫ್ ಬೈಲಿಟರಸಿ’ ಗೌರವವೂ ಹೈಸ್ಕೂಲ್ ಮಟ್ಟದ್ದು. ಅದಕ್ಕೆ ಕಾಲೇಜು ಕ್ರೆಡಿಟ್ ಸಿಗುವುದು ಬಿಡುವುದು ರಾಜ್ಯದ ಮತ್ತು ಯೂನಿವರ್ಸಿಟಿಯ ನಿಯಮಕ್ಕೆ ಬಿಟ್ಟದ್ದು.

ಮೂರೇ ವರ್ಷದಲ್ಲಿ ಪದವಿ ಮುಗಿಸುವ ಆಸೆಗೆ ನಮ್ಮವರಲ್ಲಿ ಬೇರೊಂದು ಕಾರಣವೂ ಇದೆ. ಎಚ್-1ಬಿ ವೀಸಾದಲ್ಲಿರುವವರ ಮಕ್ಕಳು 21 ತುಂಬಿದ ಮೇಲೆ ಎಚ್-4 ಅವಲಂಬಿತರಾಗಿ ಉಳಿಯುವಂತಿಲ್ಲ. ಎಫ್-1ನಂಥ ತಮ್ಮದೇ ವೀಸಾ ಮಾಡಿಸಿಕೊಳ್ಳಬೇಕು. ಅಷ್ಟರೊಳಗೆ ಓದು ಮುಗಿದರೆ ಒಳ್ಳೆಯದಲ್ಲವೇ ಎಂಬ ಆತುರ ಹುಟ್ಟುತ್ತದೆ. ಅರ್ಥಶಾಸ್ತ್ರ, ಇತಿಹಾಸ, ಗಣಿತದಂಥ ವಿಷಯಗಳಲ್ಲಿ ಸರಿಯಾಗಿ ಆರಿಸಿದ 30 ಕ್ರೆಡಿಟ್ ಒಂದು ವರ್ಷ ಉಳಿಸಬಲ್ಲದು. ಎಂಜಿನಿಯರಿಂಗ್‌ನಲ್ಲಿ ಅದು ಕಷ್ಟ. ಅಲ್ಲಿ ಒಂದು ಕೋರ್ಸ್ ಮುಗಿಸದೆ ಮುಂದಿನದಕ್ಕೆ ಸೇರಿಸುವುದಿಲ್ಲ, ಆ ಮುಂದಿನದೂ ಕೆಲವೊಮ್ಮೆ ವರ್ಷಕ್ಕೊಂದೇ ಸಲ ನಡೆಯುತ್ತದೆ. ಕೈಯಲ್ಲಿ ಎಷ್ಟೇ ಕ್ರೆಡಿಟ್ ಇರಲಿ, ಈ ಸರಪಳಿಯ ಉದ್ದ ಕಡಿಮೆಯಾಗುವುದಿಲ್ಲ. ಆಗ ಕ್ರೆಡಿಟ್‌ಗಳಿಂದ ಸಿಗುವ ಲಾಭ ಬೇರೆ: ಪ್ರತಿ ಸೆಮಿಸ್ಟರಿನ ಹೊರೆ ಇಳಿಯುತ್ತದೆ, ಎರಡನೇ ಮೇಜರ್ (ಪದವಿಯ ಮುಖ್ಯ ವಿಷಯ) ಮಾಡಲು ಜಾಗ ಸಿಗುತ್ತದೆ, ಇಂಟರ್ನ್‌ಶಿಪ್‌ಗೆ ಬಿಡುವಾಗುತ್ತದೆ. ಅದೂ ಸಣ್ಣದಲ್ಲ.

ಕರ್ನಾಟಕದ ಓದುಗರಿಗೂ ಈ ಪ್ರಶ್ನೆ ಪೂರ್ತಿ ಪರಕೀಯವಲ್ಲ. ನಮ್ಮ ಪಿಯುಸಿಯಲ್ಲಿ ಪದವಿಯ ಕ್ರೆಡಿಟ್ ಗಳಿಸುವ ವ್ಯವಸ್ಥೆ ಇಲ್ಲ ನಿಜ. ಆದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವುದು ನಮಗೆ ಹಳೆಯ ಪರಿಚಯ. 2021ರಲ್ಲಿ ಶುರುವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಪದವಿ ವಿದ್ಯಾರ್ಥಿಗಳ ಕ್ರೆಡಿಟ್ ಜಮೆಯಾಗುತ್ತಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲಾ ಹಂತವನ್ನೂ ತನ್ನೊಳಗೆ ತಂದುಕೊಂಡಿದೆ. ಜಮೆಯೇನೋ ಆಯಿತು. ಒಂದು ಯೂನಿವರ್ಸಿಟಿಯ ಪತ್ರಿಕೆಯನ್ನು ಇನ್ನೊಂದರ ಯಾವ ಪತ್ರಿಕೆಗೆ ಸಮ ಎಂದು ಎಣಿಸಬೇಕೆಂದು ತೀರ್ಮಾನಿಸುವ ಕೆಲಸ ನಮ್ಮಲ್ಲೂ ಸೇರಿಸಿಕೊಳ್ಳುವ ಸಂಸ್ಥೆಯದೇ. ಅಮೆರಿಕ ನಾಲ್ಕು ದಶಕಗಳಿಂದ ತಿಣುಕುತ್ತಿರುವುದು ಸರಿಯಾಗಿ ಈ ಜಾಗದಲ್ಲಿ. ಕಾಲೇಜಿನಿಂದ ಕಾಲೇಜಿಗೆ ಹೋದ ವಿದ್ಯಾರ್ಥಿಗಳನ್ನು ಕುರಿತು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ವರ್ಗಾವಣೆಯಾದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಎಂದು ಅದು ಅಂದಾಜಿಸಿದೆ. ಕ್ರೆಡಿಟ್ ಜಮೆ ಮಾಡುವ ಜಾಲತಾಣಕ್ಕಿಂತ ಸಮಾನತೆಯ ಕೋಷ್ಟಕ ಮುಖ್ಯ ಎಂಬುದನ್ನು ನಮ್ಮ ಆಡಳಿತಗಾರರು ಈಗಲೇ ಗಮನಿಸುವುದು ಒಳ್ಳೆಯದು.

ಹಾಗಾದರೆ ಅಲ್ಲಿರುವ ಪೋಷಕರು ಮಾಡಬೇಕಾದ್ದೇನು? ಕೋರ್ಸಿಗೆ ಹೆಸರು ಕೊಡುವ ಮೊದಲೇ, ಮಗು ಅರ್ಜಿ ಹಾಕಬಹುದಾದ ನಾಲ್ಕೈದು ಯೂನಿವರ್ಸಿಟಿಗಳ ಸಮಾನತೆಯ ಕೋಷ್ಟಕ ತೆರೆದು ನೋಡಿ. ಕಾಲೇಜಿಗೆ ಮಾನ್ಯತೆ ಇದೆಯೇ, ಕೋರ್ಸ್ ವರ್ಗಾವಣೆಗೆ ಅರ್ಹವೇ ಎಂದು ಖಚಿತಪಡಿಸಿಕೊಳ್ಳಿ. ಕಮ್ಯೂನಿಟಿ ಕಾಲೇಜಿನ ಎಲ್ಲ ಕೋರ್ಸುಗಳೂ ದಾಟುವಂಥವಲ್ಲ. ಮೇಜರ್ ಇನ್ನೂ ನಿಶ್ಚಯವಾಗದವರಿಗೆ ಇಂಗ್ಲಿಷ್ ಬರವಣಿಗೆ, ಅಮೆರಿಕದ ಇತಿಹಾಸ, ಸಂಖ್ಯಾಶಾಸ್ತ್ರ, ಕ್ಯಾಲ್ಕುಲಸ್‌ನಂಥ ಕೋರ್ಸುಗಳು ಸುರಕ್ಷಿತ. ಬಹುತೇಕ ಪದವಿಗಳಲ್ಲಿ ಅವಕ್ಕೆ ಜಾಗವಿರುತ್ತದೆ. ಪ್ರತಿ ಕೋರ್ಸಿನ ಸಿಲಬಸ್, ಪಠ್ಯಪುಸ್ತಕದ ಹೆಸರು, ಅಸೈನ್‌ಮೆಂಟುಗಳನ್ನು ಜೋಪಾನವಾಗಿಡಿ. ‘ಎಕ್ಸ್‌ಎಕ್ಸ್‌ಎಕ್ಸ್’ ಎಂದು ಬಂದದ್ದನ್ನು ಸಂಬಂಧಪಟ್ಟ ವಿಭಾಗಕ್ಕೆ ಮನವಿ ಸಲ್ಲಿಸಿ ನಿಜವಾದ ಸಂಖ್ಯೆಗೆ ಬದಲಾಯಿಸಿಕೊಂಡವರಿದ್ದಾರೆ. ಆ ಮನವಿಗೆ ಆಧಾರ ಇವೇ ಕಾಗದಗಳು.

ಹೈಸ್ಕೂಲ್ ಮುಗಿದ ಬೇಸಿಗೆಯಲ್ಲಿ, ಕೊನೆಯ ಗ್ರೇಡ್ ಬಂದ ಮೇಲೆ, ಕಮ್ಯೂನಿಟಿ ಕಾಲೇಜಿನ ಅಧಿಕೃತ ಟ್ರಾನ್ಸ್‌ಕ್ರಿಪ್ಟನ್ನು ಆ ಕಾಲೇಜಿನಿಂದಲೇ ಯೂನಿವರ್ಸಿಟಿಗೆ ಕಳಿಸಬೇಕು. ಹೈಸ್ಕೂಲ್ ಅಂಕಪಟ್ಟಿಯಲ್ಲಿ ಆ ಕೋರ್ಸ್ ಕಾಣಿಸಿದೆಯಲ್ಲ ಎಂದು ಬಿಟ್ಟರೆ ಕ್ರೆಡಿಟ್ ಬರುವುದಿಲ್ಲ. ಎಪಿ ಅಂಕಗಳನ್ನು ಕಾಲೇಜ್ ಬೋರ್ಡ್ ಕಳಿಸಬೇಕು. ಜೂನ್ 20ರೊಳಗೆ ಹೆಸರಿಸಿದರೆ ಆ ವರ್ಷ ಒಂದು ಕಾಲೇಜಿಗೆ ಶುಲ್ಕವಿಲ್ಲ. ಇದು ತಡವಾದರೆ ಓರಿಯಂಟೇಶನ್ ದಿನ ಸಲಹೆಗಾರರ ಪರದೆಯ ಮೇಲೆ ಏನೂ ಕಾಣುವುದಿಲ್ಲ, ಆಗಲೇ ಕಲಿತ ಕ್ಯಾಲ್ಕುಲಸ್ಸಿಗೇ ಮತ್ತೆ ಹೆಸರು ಬರೆಸಿ ಕಳಿಸುತ್ತಾರೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು: ಕ್ರೆಡಿಟ್‌ಗಳ ಎಣಿಕೆಯಲ್ಲಿ ನೆರೆಮನೆಯವರೊಡನೆ ಪೈಪೋಟಿ ಬೇಡ. ಮಗುವಿಗೆ ಇಷ್ಟವಿರುವ, ಮುಂದಿನ ಪದವಿಯಲ್ಲಿ ಜಾಗವಿರುವ ನಾಲ್ಕು ಕೋರ್ಸುಗಳು ಲೆಕ್ಕಕ್ಕಿಲ್ಲದ ಹದಿನಾಲ್ಕಕ್ಕಿಂತ ಮೇಲು. ಮುಂದಿನ ಸಲ ಕೌನ್ಸೆಲರ್ ಎದುರು ಕೂತಾಗ ‘ಇದು ಟ್ರಾನ್ಸ್‌ಫರ್ ಆಗುತ್ತಾ?’ ಎಂದು ಕೇಳಬೇಡಿ. ‘ಇದು ಪದವಿಯ ಯಾವ ಕೋರ್ಸಿನ ಬದಲಿಗೆ ನಿಲ್ಲುತ್ತದೆ?’ ಎಂದು ಕೇಳಿ. ಅದೇ ಪ್ರಶ್ನೆಯನ್ನು ಯೂನಿವರ್ಸಿಟಿಗೂ ಇಮೇಲ್ ಮಾಡಿ, ಬಂದ ಉತ್ತರವನ್ನು ಜೋಪಾನವಾಗಿಡಿ.